ಕ್ವಾರ್ಟರ್‌ಬ್ಯಾಕನ್ನು ಯಾವಾಗ ಇಳಿಸಬೇಕು?



ಫುಟ್‌ಬಾಲ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸೆವೆನ್ಸ್ ಟೂರ್ನಮೆಂಟು, ಗೋಲುಕಂಬ, ಪೆನಾಲ್ಟಿ ಕಿಕ್. ಅಮೆರಿಕದವರ ಫುಟ್‌ಬಾಲ್ ಹಾಗಲ್ಲ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಆಟ ಹೆಚ್ಚಾಗಿ ಕೈಯಲ್ಲೇ ನಡೆಯುತ್ತದೆ. ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಒಬ್ಬನ ಕೈಗೆ. ಅವನೇ ಕ್ವಾರ್ಟರ್‌ಬ್ಯಾಕ್. ಎಸೆಯುವುದೋ, ಪಕ್ಕದವನಿಗೆ ಕೊಡುವುದೋ, ತಾನೇ ಓಡುವುದೋ ಎಂಬುದನ್ನು ಎರಡು ಮೂರು ಸೆಕೆಂಡಿನೊಳಗೆ ಅವನು ತೀರ್ಮಾನಿಸಬೇಕು.

ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾದರೆ ಇನ್ನು ಹತ್ತು ಮಂದಿ ಇರುತ್ತಾರೆ. ಇಲ್ಲಿ ಆ ಜಾಗದಲ್ಲಿ ನಿಲ್ಲುವವನು ಒಬ್ಬನೇ. ಅವನು ಎಡವಿದರೆ ಇಡೀ ತಂಡ ಎಡವುತ್ತದೆ. ಅವನನ್ನು ತೆಗೆದು ಇನ್ನೊಬ್ಬನನ್ನು ಇಳಿಸುವುದು ಎಂದರೆ ಕೋಚ್‌ಗೆ ಅದಕ್ಕಿಂತ ದೊಡ್ಡ ನಿರ್ಧಾರ ಬೇರೆ ಇಲ್ಲ. ಬೇಗ ತೆಗೆದರೆ ಒಳ್ಳೆಯ ಆಟಗಾರನನ್ನು ಕೆಡಿಸಿದಂತೆ, ತಡವಾಗಿ ತೆಗೆದರೆ ಗೆಲ್ಲಬಹುದಾದ ಆಟ ಕೈಬಿಟ್ಟಂತೆ. ಹಾಗಾದರೆ ಸರಿಯಾದ ಹೊತ್ತು ಯಾವುದು? ಆ ಆಟದ ಇತಿಹಾಸದಲ್ಲಿ ನಾಲ್ಕು ಪ್ರಸಂಗಗಳನ್ನು ನೋಡೋಣ.

ಒಬ್ಬನೇ ಕೋಚ್, ಒಬ್ಬನೇ ಆಟಗಾರ, ಎರಡು ತೀರ್ಮಾನ

1968ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಕೋಚ್ ಡಾನ್ ಶೂಲಾ. ತಂಡದ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ ಆ ಕಾಲದ ದೊಡ್ಡ ಹೆಸರು. ಋತು ಶುರುವಾಗುವ ಮೊದಲೇ ಅವರ ತೋಳಿಗೆ ಪೆಟ್ಟಾಯಿತು. ಬದಲಿಗೆ ಬಂದವರು ಅರ್ಲ್ ಮೊರಾಲ್. ಅವರು ಆಗಲೇ ನಾಲ್ಕು ತಂಡ ಸುತ್ತಿ ಬಂದಿದ್ದವರು. ಯಾರೂ ನಿರೀಕ್ಷಿಸದಂತೆ ಅವರು ತಂಡಕ್ಕೆ 14 ಪಂದ್ಯಗಳಲ್ಲಿ 13 ಗೆಲ್ಲಿಸಿಕೊಟ್ಟರು, ಆ ವರ್ಷದ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡರು.

1969ರ ಜನವರಿ 12ರಂದು ಮೂರನೆಯ ಸೂಪರ್ ಬೌಲ್. ಎದುರಾಳಿ ನ್ಯೂಯಾರ್ಕ್ ಜೆಟ್ಸ್. ಕೋಲ್ಟ್ಸ್ ಸುಲಭವಾಗಿ ಗೆಲ್ಲುತ್ತದೆ ಎಂದೇ ಎಲ್ಲರ ಲೆಕ್ಕ. ಆದರೆ ಮೊದಲ ಅರ್ಧದಲ್ಲೇ ಮೊರಾಲ್ ಎಸೆದ ಮೂರು ಚೆಂಡು ಎದುರಾಳಿಗಳ ಕೈ ಸೇರಿದವು. ಅರ್ಧ ಮುಗಿಯುವ ಹೊತ್ತಿಗೆ ಜಿಮ್ಮಿ ಓರ್ ಎಂಬ ಆಟಗಾರ ಯಾರೂ ಕಾಯದ ಜಾಗದಲ್ಲಿ ಒಬ್ಬರೇ ನಿಂತು ಕೈ ಬೀಸುತ್ತಿದ್ದರು. ಮೊರಾಲ್ ಅವರನ್ನು ನೋಡಲೇ ಇಲ್ಲ. ಚೆಂಡು ಬೇರೆ ಕಡೆ ಹೋಯಿತು, ಎದುರಾಳಿ ಹಿಡಿದರು.

ಆಗ ಅಂಕ 7-0 ಮಾತ್ರ. ಯುನೈಟಸ್ ಬೆಂಚಿನಲ್ಲಿ ಕೂತಿದ್ದರು. ಆದರೂ ಎರಡನೆಯ ಅರ್ಧವನ್ನು ಮೊರಾಲ್ ಅವರೇ ಶುರು ಮಾಡಿದರು. 13 ಗೆಲುವು ತಂದುಕೊಟ್ಟವರನ್ನು ಒಂದು ಕೆಟ್ಟ ಅರ್ಧಕ್ಕಾಗಿ ಹೇಗೆ ತೆಗೆಯುವುದು? ಹಾಗೆ ಯೋಚಿಸುವುದು ಯಾರಿಗಾದರೂ ಸಹಜ. ಯುನೈಟಸ್ ಮೈದಾನಕ್ಕಿಳಿದದ್ದು ಮೂರನೆಯ ಕ್ವಾರ್ಟರ್ ಕೊನೆಯಾಗುವ ಹೊತ್ತಿಗೆ. ಅಷ್ಟರಲ್ಲಿ ಅಂಕ 13-0. ನೋವಿದ್ದ ತೋಳಿನಲ್ಲೇ ಅವರು ಒಂದು ಟಚ್‌ಡೌನ್ ತಂದುಕೊಟ್ಟರು. ಸಮಯ ಸಾಲಲಿಲ್ಲ. ಜೆಟ್ಸ್ 16-7ರಿಂದ ಗೆದ್ದಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಶೂಲಾ ಮುಂದೆ ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ಹೋದರು. 1972ರಲ್ಲಿ ಕೋಲ್ಟ್ಸ್ ಬಿಟ್ಟುಕೊಟ್ಟ ಮೊರಾಲ್ ಅವರನ್ನು ಬರೀ 100 ಡಾಲರಿಗೆ ಕರೆಸಿಕೊಂಡರು. ಆಗ ಮೊರಾಲ್ ವಯಸ್ಸು 38. ಆ ವರ್ಷದ ಐದನೆಯ ಪಂದ್ಯದಲ್ಲಿ ಮಯಾಮಿಯ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಕಾಲು ಮುರಿದುಕೊಂಡರು. ಮತ್ತೆ ಮೊರಾಲ್ ಬಂದರು, ಮತ್ತೆ ಗೆಲುವಿನ ಮೇಲೆ ಗೆಲುವು. ತಂಡ ಒಂದೂ ಪಂದ್ಯ ಸೋಲದೆ ಡಿಸೆಂಬರ್ 31ರಂದು ಪಿಟ್ಸ್‌ಬರ್ಗ್ ವಿರುದ್ಧದ ಪಂದ್ಯಕ್ಕೆ ಬಂದಿತು. ಅದನ್ನು ಗೆದ್ದರೆ ಸೂಪರ್ ಬೌಲ್.

ಅರ್ಧವಿರಾಮಕ್ಕೆ 7-7. ತಂಡ ಸೋಲುತ್ತಿರಲಿಲ್ಲ, ಆದರೆ ದಾಳಿಯಲ್ಲಿ ಜೀವ ಇರಲಿಲ್ಲ. ಗ್ರೀಸಿ ಕಾಲು ವಾಸಿಯಾಗಿತ್ತು. ಈ ಸಲ ಶೂಲಾ ಕಾಯಲಿಲ್ಲ. ಎರಡನೆಯ ಅರ್ಧಕ್ಕೆ ಗ್ರೀಸಿಯನ್ನು ಇಳಿಸಿದರು. ಅವರು ಪಾಲ್ ವಾರ್‌ಫೀಲ್ಡ್‌ಗೆ ಎಸೆದ ಚೆಂಡು 52 ಗಜ ಗಳಿಸಿಕೊಟ್ಟಿತು, ಪಂದ್ಯದ ದಿಕ್ಕು ತಿರುಗಿತು. ಮಯಾಮಿ 21-17ರಿಂದ ಗೆದ್ದಿತು, ಬಳಿಕ ಸೂಪರ್ ಬೌಲ್ ಕೂಡ. 17 ಪಂದ್ಯ, 17 ಗೆಲುವು. ಸೂಪರ್ ಬೌಲ್ ಕಾಲದಲ್ಲಿ ಋತುವಿಡೀ ಸೋಲದೆ ಕಪ್ ಎತ್ತಿದ ತಂಡ ಇಂದಿಗೂ ಅದೊಂದೇ.

ಮೊರಾಲ್ ಅವರ ದೃಷ್ಟಿಯಿಂದ ಒಮ್ಮೆ ನೋಡಿ. ಎರಡು ಸಲವೂ ದಾರಿಯ ಬಹುಪಾಲು ತಂಡವನ್ನು ಹೊತ್ತು ತಂದವರು ಅವರು. ಎರಡು ಸಲವೂ ಕೊನೆಯ ಮೆಟ್ಟಿಲಲ್ಲಿ ಜಾಗ ಬಿಟ್ಟುಕೊಟ್ಟರು. ಆದರೂ 1972ರ ತಂಡದಲ್ಲಿ ಅದು ಒಡಕಿಗೆ ಕಾರಣವಾಗಲಿಲ್ಲ.

ಹಳಬ ವಾಸಿಯಾಗಿ ಬಂದಾಗ

2001ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಜೊತೆ 10 ವರ್ಷಕ್ಕೆ 10.3 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಹಿಂದಿನ ವರ್ಷ ತಂಡ 16ರಲ್ಲಿ 11 ಪಂದ್ಯ ಸೋತಿತ್ತು. ಹೊಸ ಋತುವಿನ ಮೊದಲ ಪಂದ್ಯವೂ ಸೋಲು. ಸೆಪ್ಟೆಂಬರ್ 23ರ ಎರಡನೆಯ ಪಂದ್ಯದಲ್ಲಿ ಜೆಟ್ಸ್ ತಂಡದ ಮೋ ಲೂಯಿಸ್ ಕೊಟ್ಟ ಪೆಟ್ಟಿಗೆ ಬ್ಲೆಡ್ಸೋ ಅವರ ಎದೆಯೊಳಗೆ ರಕ್ತಸ್ರಾವವಾಗಿ ಆಸ್ಪತ್ರೆ ಸೇರಬೇಕಾಯಿತು. ಆ ಪಂದ್ಯವೂ ಹೋಯಿತು.

ಬದಲಿ ಆಟಗಾರ ಟಾಮ್ ಬ್ರೇಡಿ. 2000ದ ಆಯ್ಕೆಯಲ್ಲಿ 199ನೆಯವರಾಗಿ ಬಂದವರು. ಮೊದಲ ವರ್ಷವಿಡೀ ಎಸೆದದ್ದು ಮೂರು ಚೆಂಡು, ಗುರಿ ಸೇರಿದ್ದು ಒಂದು.

ಕೋಚ್ ಬಿಲ್ ಬೆಲಿಚಿಕ್ ಅವರ ನಿಜವಾದ ಪರೀಕ್ಷೆ ನವೆಂಬರ್‌ನಲ್ಲಿ ಬಂತು. ಬ್ಲೆಡ್ಸೋ ಆಡಲು ಸಿದ್ಧ ಎಂದು ವೈದ್ಯರು ಹೇಳಿದ್ದರು. ಬ್ರೇಡಿ ಶುರು ಮಾಡಿದ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಐದು, ಸೋತದ್ದು ಮೂರು, ಕೊನೆಯದು ಸೋಲೇ. ಒಟ್ಟು ಲೆಕ್ಕ 5-5. ಪೆಟ್ಟು ತಿಂದು ಜಾಗ ಕಳೆದುಕೊಂಡವನಿಗೆ ಅದನ್ನು ಹಿಂದಿರುಗಿಸುವುದು ನ್ಯಾಯ ಎಂಬ ಮಾತಿತ್ತು. ಒಪ್ಪಂದದ ಹಣದ ಒತ್ತಡವೂ ಇತ್ತು. ಬೆಲಿಚಿಕ್ ಬ್ರೇಡಿಯನ್ನೇ ಉಳಿಸಿಕೊಂಡರು. ತಂಡ ಉಳಿದ ಆರೂ ಪಂದ್ಯ ಗೆದ್ದಿತು.

ಬ್ಲೆಡ್ಸೋಗೆ ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಅಭ್ಯಾಸ ಬಿಡಲಿಲ್ಲ. 2002ರ ಜನವರಿ 27ರಂದು ಪಿಟ್ಸ್‌ಬರ್ಗ್‌ನಲ್ಲಿ ಸೆಮಿಫೈನಲ್ ಎನ್ನಬಹುದಾದ ಪಂದ್ಯ. ಬ್ರೇಡಿ ಕಾಲಿಗೆ ಪೆಟ್ಟಾಯಿತು. ನಾಲ್ಕು ತಿಂಗಳಿಂದ ಬೆಂಚಿನಲ್ಲಿದ್ದ ಬ್ಲೆಡ್ಸೋ ಇಳಿದರು, ಟಚ್‌ಡೌನ್ ಎಸೆದರು, ತಂಡವನ್ನು 24-17ರಿಂದ ಗೆಲ್ಲಿಸಿದರು. ಮುಂದಿನ ವಾರ ಸೂಪರ್ ಬೌಲ್ ಆಡಿದ್ದು ಬ್ರೇಡಿ, ಗೆದ್ದದ್ದೂ ಹೌದು. ಆದರೆ ಬ್ಲೆಡ್ಸೋ ಮುನಿಸಿಕೊಂಡು ಕೂತಿದ್ದರೆ ಆ ವಾರವೇ ಬರುತ್ತಿರಲಿಲ್ಲವೇನೋ.

ರೋಗ ಒಂದು, ಮದ್ದು ಇನ್ನೊಂದು

ಬದಲಾವಣೆ ಯಾವಾಗಲೂ ಫಲ ಕೊಡುವುದಿಲ್ಲ. 2017ರ ನವೆಂಬರ್‌ನಲ್ಲಿ ಬಫಲೋ ಬಿಲ್ಸ್ ತಂಡ 5 ಗೆದ್ದು 4 ಸೋತಿತ್ತು. ಕೊನೆಯ ಎರಡೂ ಸೋಲು. ಎರಡನೆಯದರಲ್ಲಿ ನ್ಯೂ ಆರ್ಲಿಯನ್ಸ್ 47-10ರಿಂದ ಸೋಲಿಸಿತು. ಎದುರಾಳಿಗಳು ಚೆಂಡು ಹಿಡಿದು ಓಡಿಯೇ 300 ಗಜದ ಹತ್ತಿರ ಗಳಿಸಿದ್ದರು. ಅಂದರೆ ಒಡೆದದ್ದು ರಕ್ಷಣಾ ಪಡೆ. ಕೋಚ್ ಶಾನ್ ಮೆಕ್‌ಡರ್ಮಟ್ ಬದಲಿಸಿದ್ದು ಕ್ವಾರ್ಟರ್‌ಬ್ಯಾಕನ್ನು! ಟೈರಾಡ್ ಟೇಲರ್ ಅವರನ್ನು ಕೂರಿಸಿ ಹೊಸಬ ನೇಥನ್ ಪೀಟರ್‌ಮನ್ ಅವರನ್ನು ಇಳಿಸಿದರು.

ನವೆಂಬರ್ 19ರಂದು ಚಾರ್ಜರ್ಸ್ ವಿರುದ್ಧ ಪೀಟರ್‌ಮನ್ ಎಸೆದದ್ದು 14 ಚೆಂಡು. ಅದರಲ್ಲಿ ಐದು ಎದುರಾಳಿಗಳ ಕೈಗೆ, ಅದೂ ಮೊದಲ ಅರ್ಧದಲ್ಲೇ. ಅರ್ಧವಿರಾಮದ ನಂತರ ಟೇಲರ್ ಮತ್ತೆ ಬಂದರು. ಬಫಲೋ 54-24ರಿಂದ ಸೋತಿತು. ಮುಂದಿನ ವಾರದಿಂದ ಕೋಚ್ ಟೇಲರ್ ಅವರನ್ನೇ ಇಳಿಸಿದರು. ತಂಡ 9-7ಕ್ಕೆ ತಲುಪಿ, 1999ರ ಋತುವಿನ ನಂತರ ಮೊದಲ ಬಾರಿ ಪ್ಲೇಆಫ್ ಕಂಡಿತು. ಒಂದು ವಾರದಲ್ಲೇ ತೀರ್ಮಾನ ತಿದ್ದಿಕೊಂಡ ಕೋಚ್‌ಗೂ ಮೆಚ್ಚುಗೆ ಸಲ್ಲಬೇಕು.

ವಿಜ್ಞಾನ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಲ್ಯಾಬಿನಲ್ಲಿ ರೀಡಿಂಗ್ ತಪ್ಪಿ ಬಂದರೆ ಮೊದಲು ನೋಡಬೇಕಾದದ್ದು ತಪ್ಪು ಎಲ್ಲಿದೆ ಎಂದು. ವೈರು ಸಡಿಲವಾಗಿದ್ದರೆ ಮೀಟರ್ ಬದಲಿಸಿ ಏನು ಪ್ರಯೋಜನ?

ಇಳಿಸಿದ ಮೇಲೆ

2018ರ ಜನವರಿ 8ರಂದು ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಫೈನಲ್. ಅಲಬಾಮಾ ತಂಡ ಅರ್ಧವಿರಾಮಕ್ಕೆ ಜಾರ್ಜಿಯಾ ಎದುರು 0-13. ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಅಲ್ಲಿಯವರೆಗೆ ಸೋತದ್ದು ಎರಡೇ ಪಂದ್ಯ. ಕೋಚ್ ನಿಕ್ ಸೇಬನ್ ಅವರನ್ನು ಕೂರಿಸಿ ಮೊದಲ ವರ್ಷದ ವಿದ್ಯಾರ್ಥಿ ಟೂಆ ಟಾಗೋವೈಲೋವಾ ಅವರನ್ನು ಕಳಿಸಿದರು. ಅಲಬಾಮಾ ಹೆಚ್ಚುವರಿ ಸಮಯದಲ್ಲಿ 26-23ರಿಂದ ಗೆದ್ದಿತು.

ಹರ್ಟ್ಸ್ ಕಾಲೇಜು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ಅದೇ ಜಾರ್ಜಿಯಾ ವಿರುದ್ಧ ಟೂಆ ಗಾಯಗೊಂಡಾಗ ಹರ್ಟ್ಸ್ ಇಳಿದು, ಹಿಂದಿದ್ದ ತಂಡವನ್ನು 35-28ರಿಂದ ಗೆಲ್ಲಿಸಿದರು. ಆಮೇಲೆ ಒಕ್ಲಹೋಮಾಗೆ ಹೋದರು. 2020ರಲ್ಲಿ ಫಿಲಡೆಲ್ಫಿಯಾದಲ್ಲಿ ಎಡವುತ್ತಿದ್ದ ಕಾರ್ಸನ್ ವೆಂಟ್ಸ್ ಅವರ ಜಾಗಕ್ಕೆ ಬದಲಿಯಾಗಿ ಬಂದವರು ಇದೇ ಹರ್ಟ್ಸ್. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ಅವರೇ ಪಂದ್ಯಶ್ರೇಷ್ಠ.

ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೋಚ್ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕಾಣುತ್ತವೆ. ತೊಂದರೆ ನಿಜವಾಗಿ ಈತನದ್ದೋ, ಬೇರೆಯವರದ್ದೋ? ಬೆಂಚಿನಲ್ಲಿರುವವನು ಇವತ್ತಿನ ಕೆಲಸಕ್ಕೆ ಸಿದ್ಧನೋ? ತಿದ್ದಿಕೊಳ್ಳಲು ಸಮಯ ಎಷ್ಟು ಉಳಿದಿದೆ? ಋತುವಿನ ಮಧ್ಯದಲ್ಲಿ ಒಂದೆರಡು ಪಂದ್ಯ ಕಾಯಬಹುದು, ಫೈನಲ್‌ನಲ್ಲಿ ಕಾಯಲು ಮುಂದಿನ ವಾರ ಎಂಬುದಿಲ್ಲ. ಹಳೆಯ ಗೆಲುವಿಗೆ ಕೃತಜ್ಞತೆ ಇರಲೇಬೇಕು, ಆದರೆ ಅದನ್ನು ಉಳಿದವರ ಶ್ರಮ ಪಣವಿಟ್ಟು ತೀರಿಸುವುದು ಸರಿಯಲ್ಲ. ಇಳಿಸಿದವನನ್ನು ತಂಡದ ಹೊರಗೆ ಹಾಕಿದಂತೆ ನಡೆಸಿಕೊಳ್ಳಲೂಬಾರದು, ನಾಳೆ ಮತ್ತೆ ಅವನನ್ನೇ ಕರೆಯಬೇಕಾಗಬಹುದು.

ಇನ್ನು ನಿಮ್ಮ ಸರದಿ. 1969ರ ಆ ಅರ್ಧವಿರಾಮದಲ್ಲಿ ಶೂಲಾ ಜಾಗದಲ್ಲಿ ನೀವಿದ್ದೀರಿ ಎಂದುಕೊಳ್ಳಿ. 7-0 ಹಿಂದಿದ್ದೀರಿ. ವರ್ಷವಿಡೀ ಗೆಲ್ಲಿಸಿದ ಮೊರಾಲ್ ಒಂದು ಕಡೆ, ತೋಳು ಪೂರ್ತಿ ವಾಸಿಯಾಗದ ಯುನೈಟಸ್ ಇನ್ನೊಂದು ಕಡೆ. ಯಾರನ್ನು ಕಳಿಸುತ್ತೀರಿ? ಮುಂದಿನ ಸಭೆಗೆ ಬರುವಾಗ ಉತ್ತರ ಯೋಚಿಸಿಕೊಂಡು ಬನ್ನಿ. ಉಳಿದವನಿಗೆ ಏನು ಹೇಳುತ್ತೀರಿ ಎಂಬುದನ್ನೂ.