ಗುಬ್ಬಿಗೆ ರೈಲು ತಂದ ಸಾಲ

1881ರ ಮಾರ್ಚ್ 25ರಂದು, ಅರ್ಧ ಶತಮಾನದ ಬ್ರಿಟಿಷ್ ಆಡಳಿತ ಮುಗಿದು, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮೈಸೂರು ಸಂಸ್ಥಾನವನ್ನು ಮರಳಿ ಒಪ್ಪಿಸಲಾಯಿತು. ರಾಜ್ಯದ ಜೊತೆಗೇ 80 ಲಕ್ಷ ರೂಪಾಯಿಯ ಸಾಲವೂ ಬಂತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಬ್ರಿಟಿಷ್ ಸರ್ಕಾರದಿಂದ ತಂದ ಹಣ ಅದು. ಬಡ್ಡಿ ನೂರಕ್ಕೆ 5. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಪ್ರಜೆಗಳು ಹತ್ತು ವರ್ಷದಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಸತ್ತವರ ಹೆಸರಿನ ಸಾಲವನ್ನು ಬದುಕಿದವರು ತೀರಿಸಬೇಕಿತ್ತು.

ಬರದ ವರ್ಷಗಳಲ್ಲಿ ಮದ್ರಾಸಿನ ಕಡೆಯಿಂದ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲೇ ಬಂದಿತ್ತು. ಅಲ್ಲಿಂದ ಮುಂದೆ ತುಮಕೂರಿಗಾಗಲಿ, ಕುಣಿಗಲಿಗಾಗಲಿ ಎತ್ತಿನ ಗಾಡಿಯೇ ಗತಿ, ಎತ್ತುಗಳಿಗೋ ಮೇವಿಲ್ಲ. ಹೊಟ್ಟೆಗಿಲ್ಲದವರನ್ನು ಬೆಂಗಳೂರು–ಮೈಸೂರು ರೈಲು ಹಾದಿಯ ಮಣ್ಣು ಕೆಲಸಕ್ಕೆ ಹಚ್ಚಿ ಕೂಲಿ ಕೊಟ್ಟರು. ಮೈಸೂರಿನ ರೈಲು ಹುಟ್ಟಿದ್ದೇ ಹಾಗೆ, ಹಸಿದವರ ಮಂಕರಿಯಿಂದ.

ದಿವಾನ್ ರಂಗಾಚಾರ್ಲು ಅವರಿಗೆ ಈ ಪಾಠ ಮನದಟ್ಟಾಗಿತ್ತು. 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿಗೆ, ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದರು. ತಾಲ್ಲೂಕುಗಳ ಭೂಹಿಡುವಳಿದಾರರು, ಜಿಲ್ಲೆಗಳ ವರ್ತಕರು, ಒಟ್ಟು 144 ಮಂದಿ. ದಿವಾನರು ರಾಜ್ಯದ ಆಯವ್ಯಯ ವಿವರಿಸಿದರು, ರೈಲಿನ ಯೋಜನೆ ಹೇಳಿದರು. ಕೂತವರಿಗೆ ಕೇಳುವ ಹಕ್ಕಿತ್ತು, ಅರಿಕೆ ಮಾಡಿಕೊಳ್ಳುವ ಹಕ್ಕಿತ್ತು. ಸಾಲ ಬೇಕು, ಬೇಡ ಎಂದು ಮತ ಹಾಕುವ ಹಕ್ಕು ಮಾತ್ರ ಇರಲಿಲ್ಲ. ಇಂಡಿಯಾದ ಬೇರಾವ ಸಂಸ್ಥಾನದಲ್ಲೂ ಆಗ ಇಷ್ಟೂ ಇರಲಿಲ್ಲ ಎಂಬುದು ನಿಜ. ಆದರೂ ಲೆಕ್ಕ ಒಪ್ಪಿಸುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ.

ಸಂಸ್ಥಾನ ನಾಡಿನೊಳಗೇ ನೂರಕ್ಕೆ 5ರ ಬಡ್ಡಿಗೆ 20 ಲಕ್ಷ ರೂಪಾಯಿ ಎತ್ತಿತು. ಉಳಿದದ್ದನ್ನು ಬೊಕ್ಕಸದಿಂದ, ಅಂದರೆ ಬಹುಪಾಲು ರೈತನ ಕಂದಾಯದಿಂದ, ತುಂಬಿತು. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಅವರ ನಂತರ ದಿವಾನರಾದ ಶೇಷಾದ್ರಿ ಅಯ್ಯರ್ ಕೆಲಸ ಮುಂದುವರಿಸಿದರು. 1884ರಲ್ಲಿ ರೈಲು ತುಮಕೂರಿಗೆ ಬಂತು, ಅದೇ ವರ್ಷ ಗುಬ್ಬಿಗೂ. ಗುಬ್ಬಿ ಆಗಲೇ ಹೆಸರಾಂತ ಪೇಟೆ. ಮಲೆನಾಡಿನ ಅಡಿಕೆ ಇಲ್ಲಿ ಕೈ ಬದಲಿಸಿ ಮದ್ರಾಸ್ ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಹೇರೆತ್ತು, ಗಾಡಿಗಳ ಆ ಹಾದಿಗೆ ಮೀಟರ್ ಗೇಜ್ ಕಂಬಿ ಬಿತ್ತು.

ಗುಬ್ಬಿಯಿಂದ ಮುಂದೆ ಹರಿಹರದವರೆಗೆ ಕಂಬಿ ಎಳೆಯಲು ನಾಡಿನ ಹಣ ಸಾಲಲಿಲ್ಲ. ಆಗ ಬಂದದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಮೈಸೂರಿನ ಹೆಸರಿನಲ್ಲಿ ಲಂಡನ್ನಿನಲ್ಲಿ ಸುಮಾರು 12 ಲಕ್ಷ ಪೌಂಡ್ ಸಾಲ, ನೂರಕ್ಕೆ 4ರ ಬಡ್ಡಿ; ಆಗಲೇ ಹಾಕಿದ್ದ ಕಂಬಿಯೇ ಅಡಮಾನ. ಬೆವರು ಹರಿಸಿ ಹಾಕಿದ ದಾರಿಯನ್ನು ಒತ್ತೆಯಿಟ್ಟು ಮುಂದಿನ ದಾರಿ ಕಂಡುಕೊಂಡದ್ದು ದಿವಾನರ ಜಾಣತನವೇ ಸರಿ. ಆದರೆ ಬಡ್ಡಿ ಸಲ್ಲಬೇಕಾದದ್ದು ಪೌಂಡಿನಲ್ಲಿ, ಕಂದಾಯ ಬರುತ್ತಿದ್ದದ್ದು ರೂಪಾಯಿಯಲ್ಲಿ. ಬೆಳ್ಳಿ ಅಗ್ಗವಾಗಿ ರೂಪಾಯಿ ವರ್ಷ ವರ್ಷ ಕುಸಿಯುತ್ತಿದ್ದ ಕಾಲ ಅದು. ಜಾಣತನಕ್ಕೆ ಬೆಲೆ ತೆರಲು ಜಾಣರೇ ಬೇಕಿರಲಿಲ್ಲ. 1889ರಲ್ಲಿ ಹರಿಹರದ ದಾರಿ ಪೂರ್ಣವಾಯಿತು. ಕಂಪನಿಯ ಕೈಯಲ್ಲಿದ್ದ ದಾರಿಯೆಲ್ಲ ಸಂಸ್ಥಾನದ ಕೈಗೆ ಮರಳಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ.

ಅಮೃತೂರಿನ ಲೆಕ್ಕ ಬೇರೆಯೇ. ಕುಣಿಗಲು ತಾಲ್ಲೂಕಿನ ಈ ಹೋಬಳಿಯ ರೈತನೂ ಗುಬ್ಬಿಯವನಂತೆಯೇ ಕಂದಾಯ ಕಟ್ಟಿದ. ಬರದ ಸಾಲಕ್ಕೂ ರೈಲಿನ ಸಾಲಕ್ಕೂ ಅವನ ಪಾಲು ಸಂದಿತು. ರೈಲು ಮಾತ್ರ ತುಮಕೂರಿನ ಮೇಲೆ ಉತ್ತರಕ್ಕೆ ಹಾದುಹೋಯಿತು. 1923ರ ಕಾಯಿದೆ ಬಂದ ಮೇಲೆ ಹೊಸ ತೆರಿಗೆಗೆ ಮೊದಲು ಪ್ರಜಾಪ್ರತಿನಿಧಿ ಸಭೆಯನ್ನು ಕೇಳಬೇಕಾಯಿತು. ಅಷ್ಟರಲ್ಲಿ ಹಳೆಯ ಕಂಬಿಗಳ ಮೇಲೆ ನಾಲ್ಕು ದಶಕದ ಗಾಡಿ ಓಡಿತ್ತು. ಬೆಂಗಳೂರಿನಿಂದ ಕುಣಿಗಲು, ಯಡಿಯೂರು ಹಾದು ಹಾಸನಕ್ಕೆ ಹೋಗುವ ದಾರಿ ತೆರೆದದ್ದು 2017ರಲ್ಲಿ, ಗುಬ್ಬಿಯಲ್ಲಿ ಮೊದಲ ರೈಲು ನಿಂತ 133 ವರ್ಷಗಳ ಮೇಲೆ.