ಚಳಿಗೂ ಬಗ್ಗದ ಅನಿಲ: ದಹನ ಮಿತಿ ಎಂದರೇನು?

ಬೆಂಗಳೂರು: ಕಿಡಿ ತಗುಲಿದ ಮಾತ್ರಕ್ಕೆ ಯಾವ ಇಂಧನ ಅನಿಲವೂ ಹೊತ್ತಿಕೊಳ್ಳದು. ಅದು ಗಾಳಿಯೊಡನೆ ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತಿರಬೇಕು. ಈ ಪ್ರಮಾಣದ ಕನಿಷ್ಠ ಮತ್ತು ಗರಿಷ್ಠ ಎಲ್ಲೆಗಳಿಗೆ ‘ದಹನ ಮಿತಿ’ ಎಂದು ಹೆಸರು. ಕೆಳ ಮಿತಿಗಿಂತ ಕಡಿಮೆಯಾದರೆ ಇಂಧನ ಸಾಲದು. ಮೇಲಿನ ಮಿತಿ ದಾಟಿದರೆ ಆಮ್ಲಜನಕ ಸಾಲದು.

ಸಾಮಾನ್ಯ ಉಷ್ಣಾಂಶ ಹಾಗೂ ಒತ್ತಡದಲ್ಲಿ, ಗಾತ್ರದ ಲೆಕ್ಕದಲ್ಲಿ ಈ ಮಿತಿಗಳು ಹೀಗಿವೆ:

ಪ್ರೊಪೇನ್: ಶೇ 2.1ರಿಂದ 9.5
ಬ್ಯೂಟೇನ್: ಶೇ 1.8ರಿಂದ 8.4
ಮೀಥೇನ್: ಶೇ 5ರಿಂದ 15
ಜಲಜನಕ: ಶೇ 4ರಿಂದ 75

ಸಿಲಿಂಡರ್‌ನಲ್ಲಿ ಬರುವ ಅಡುಗೆ ಅನಿಲವು ಮುಖ್ಯವಾಗಿ ಮೊದಲೆರಡರ ಮಿಶ್ರಣ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಮುಖ್ಯ ಅಂಶ ಮೀಥೇನ್.

ಚಳಿಯ ಪರಿಣಾಮ

ಉಷ್ಣಾಂಶ ಇಳಿದಂತೆ ದಹನದ ವ್ಯಾಪ್ತಿ ಕಿರಿದಾಗುತ್ತದೆ. ಆದರೆ ಈ ಬದಲಾವಣೆ ಅತ್ಯಲ್ಪ. ಸ್ಥೂಲವಾಗಿ, 100 ಡಿಗ್ರಿ ಸೆಲ್ಸಿಯಸ್ ಇಳಿಕೆಗೆ ಕೆಳ ಮಿತಿಯು ತನ್ನ ಮೌಲ್ಯದ ಶೇ 8ರಷ್ಟು ಏರುತ್ತದೆ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು 7.8 ಡಿಗ್ರಿ. ಅಂತಹ ದಿನವೂ ಬ್ಯೂಟೇನ್‌ನ ಕೆಳ ಮಿತಿ 1.8ರ ಆಸುಪಾಸಿನಲ್ಲಿಯೇ ಇರುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಮಲಗುವ ಅಭ್ಯಾಸವೇ ಚಳಿಗಿಂತ ಹೆಚ್ಚು ಅಪಾಯಕಾರಿ.

ಒತ್ತಡದ ಪರಿಣಾಮ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಇಷ್ಟರಿಂದ ಶೇಕಡಾವಾರು ಮಿತಿ ಬದಲಾಗದು. ಆದರೆ ತೆಳುವಾದ ಗಾಳಿಯಲ್ಲಿ ಅದೇ ಶೇಕಡಾವಾರು ಪ್ರಮಾಣ ತಲುಪಲು ಕಡಿಮೆ ತೂಕದ ಅನಿಲ ಸಾಕು. ಎಂಟು ಅಡಿ ಅಗಲ, ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಅಡುಗೆಮನೆಯಲ್ಲಿ ಒಂದು ಕೆ.ಜಿ.ಗೂ ಕಡಿಮೆ ಅನಿಲ ಸಮನಾಗಿ ಹರಡಿದರೆ ಕೆಳ ಮಿತಿ ಮುಟ್ಟುತ್ತದೆ. ಸಿಲಿಂಡರ್‌ನಲ್ಲಿರುವುದು 14.2 ಕೆ.ಜಿ. ಗಾಳಿಗಿಂತ ಭಾರವಾದ ಈ ಅನಿಲ ನೆಲದ ಬಳಿಯೇ ಶೇಖರವಾಗುವುದರಿಂದ ಇನ್ನೂ ಕಡಿಮೆ ಸೋರಿಕೆಯೂ ಅಪಾಯ ತರಬಲ್ಲದು.

ಒತ್ತಡ ಹೆಚ್ಚಾದರೆ ಮೇಲಿನ ಮಿತಿ ಬಹಳವಾಗಿ ಹಿಗ್ಗುತ್ತದೆ. ಸುಮಾರು 35 ಪಟ್ಟು ವಾತಾವರಣದ ಒತ್ತಡದಲ್ಲಿ ನೈಸರ್ಗಿಕ ಅನಿಲದ ಮೇಲಿನ ಮಿತಿ ಶೇ 40ನ್ನು ಮೀರುತ್ತದೆ. ಒತ್ತಡವು ವಾತಾವರಣದ ಇಪ್ಪತ್ತನೇ ಒಂದು ಭಾಗಕ್ಕೆ ಇಳಿದರೆ ಸಾಮಾನ್ಯವಾಗಿ ಜ್ವಾಲೆ ಹರಡದು.

ನೆರೆಯಲ್ಲೇ ಜಲಜನಕದ ವಿದ್ಯೆ

ಜೀವನ್ ಬಿಮಾ ನಗರಕ್ಕೆ ಹೊಂದಿಕೊಂಡ ಎಚ್‌ಎಎಲ್ ಎರಡನೇ ಹಂತದ 80 ಅಡಿ ರಸ್ತೆಯಲ್ಲಿ ಇಸ್ರೊದ ದ್ರವ ನೋದನ ವ್ಯವಸ್ಥೆಗಳ ಕೇಂದ್ರದ (ಎಲ್‌ಪಿಎಸ್‌ಸಿ) ಘಟಕವಿದೆ. ಈ ಕೇಂದ್ರ ಅಭಿವೃದ್ಧಿಪಡಿಸಿದ ಕ್ರಯೋಜೆನಿಕ್ ಹಂತವು 2014ರ ಜನವರಿ 5ರಂದು ಜಿಎಸ್‌ಎಲ್‌ವಿ-ಡಿ5 ಮೂಲಕ ಯಶಸ್ವಿಯಾಯಿತು. ಅದರ ಇಂಧನವಾದ ದ್ರವ ಜಲಜನಕದ ಉಷ್ಣಾಂಶ ಮೈನಸ್ 253 ಡಿಗ್ರಿ. ಅಷ್ಟು ತಣ್ಣಗಿದ್ದರೂ ಅದು ಸುರಕ್ಷಿತವಲ್ಲ: ಒಳನುಗ್ಗಿದ ಗಾಳಿ ಹೆಪ್ಪುಗಟ್ಟಿ, ಅದರ ಆಮ್ಲಜನಕ ಇಂಧನದಲ್ಲೇ ಉಳಿದು ಸ್ಫೋಟಕ್ಕೆ ದಾರಿಯಾಗಬಹುದು. ಸಾರಜನಕವೂ ಗಟ್ಟಿಯಾಗುವುದರಿಂದ ಅಂತಹ ತೊಟ್ಟಿಗಳನ್ನು ಹೀಲಿಯಂನಿಂದ ಶುಚಿಗೊಳಿಸಲಾಗುತ್ತದೆ.

ಸೋರಿಕೆಯಾದಾಗ

ಅಡುಗೆ ಅನಿಲಕ್ಕೆ ಬೆರೆಸುವ ಮರ್ಕ್ಯಾಪ್ಟನ್‌ನ ದುರ್ವಾಸನೆಯು ಕೆಳ ಮಿತಿಯ ಐದನೇ ಒಂದು ಭಾಗದಲ್ಲಿಯೇ ಮೂಗಿಗೆ ಬಡಿಯಬೇಕೆಂಬುದು ನಿಯಮ. ವಾಸನೆ ಬಂದೊಡನೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು, ಕಿಟಕಿ ತೆರೆದು ಹೊರಬರಬೇಕು. ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಅನಿಲ ದಟ್ಟವಾಗಿ ತುಂಬಿದ ಕೋಣೆಯು ಗಾಳಿಯಾಡುವಾಗ ಉರಿಯಬಲ್ಲ ವ್ಯಾಪ್ತಿಯನ್ನು ಹಾದೇ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಹೊರಬಂದ ನಂತರ ಸಹಾಯವಾಣಿ 1906ಕ್ಕೆ ಕರೆ ಮಾಡಬಹುದು.