ರಷ್ಯಾದ ಲಸಿಕೆ, ಅಮೆರಿಕದ ತೋಳು

ಶೀತಲ ಸಮರ ಅಂದ ಕೂಡಲೇ ನಮಗೆ ನೆನಪಾಗೋದು ಕ್ಷಿಪಣಿ, ಗೂಢಚಾರರು, ಬರ್ಲಿನ್ ಗೋಡೆ. ಇವತ್ತು ನಾನು ಹೇಳೋಕೆ ಹೊರಟಿರೋದು ಅದೇ ಕಾಲದ ಒಂದು ಇಂಜೆಕ್ಷನ್ ಕಥೆ. ವಾಷಿಂಗ್ಟನ್‌ನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಅನ್ನೋ ಊರಲ್ಲಿ 1943ರಲ್ಲಿ ಅಮೆರಿಕದ ಸೇನೆ ಒಂದು ಪ್ರಯೋಗಾಲಯ ಶುರು ಮಾಡಿತು. ಮೊದಲು ಕ್ಯಾಂಪ್ ಡೆಟ್ರಿಕ್, 1956ರಿಂದ ಫೋರ್ಟ್ ಡೆಟ್ರಿಕ್. ಅಲ್ಲಿ ತಯಾರಾಗ್ತಿದ್ದದ್ದು ರೋಗಾಣು ಅಸ್ತ್ರ. ಆಂಥ್ರಾಕ್ಸ್, ಟುಲರೀಮಿಯಾ, ಕ್ಯೂ ಜ್ವರ.

ಈಗ ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ಶತ್ರುವಿನ ಮೇಲೆ ಎರಚೋದಕ್ಕೆ ಬೆಳೆಸಿದ ರೋಗಾಣು ಮೊದಲು ಯಾರ ಮೂಗಿಗೆ ಹೋಗುತ್ತೆ? ಬೆಳೆಸಿದವನ ಮೂಗಿಗೇ ತಾನೆ!

ಹಾಗೇ ಆಯ್ತು. 1943ರಿಂದ 1969ರವರೆಗೆ ಅಲ್ಲಿನ ಸಿಬ್ಬಂದಿಯಲ್ಲಿ 450ಕ್ಕೂ ಹೆಚ್ಚು ಸೋಂಕುಗಳು ದಾಖಲಾದವು. ಯುದ್ಧಭೂಮಿಯಲ್ಲಲ್ಲ ಸ್ವಾಮಿ, ಬಿಳಿ ಕೋಟು ಹಾಕ್ಕೊಂಡು ಕೆಲಸ ಮಾಡೋ ಕೊಠಡಿಗಳಲ್ಲಿ. ಅಲ್ಲಿನ ಸುರಕ್ಷತಾ ವಿಭಾಗ ನೋಡ್ಕೊಳ್ತಿದ್ದವರು ಆರ್ನಾಲ್ಡ್ ವೆಡಮ್ ಅನ್ನೋ ವೈದ್ಯ. ಅವರಿಗೆ ತಲೆನೋವಾಗಿದ್ದು ಏನು ಅಂದ್ರೆ, ಹೆಚ್ಚಿನವರಿಗೆ ರೋಗ ಹೇಗೆ ತಗುಲಿತು ಅನ್ನೋದೇ ಗೊತ್ತಾಗ್ತಿರಲಿಲ್ಲ. ಸೀಸೆ ಒಡೆದಿಲ್ಲ, ಸೂಜಿ ಚುಚ್ಚಿಲ್ಲ. ಆದರೂ ಜ್ವರ. ಅವರ ತಂಡ ಒಂದೊಂದೇ ಕೆಲಸವನ್ನು ಪರೀಕ್ಷಿಸಿ ನೋಡಿತು. ಪಿಪೆಟ್ಟಿನ ಕೊನೆಯ ಹನಿ ಊದಿದಾಗ, ಗಿರಗಿರ ತಿರುಗೋ ಸೆಂಟ್ರಿಫ್ಯೂಜ್‌ನಿಂದ ತೆಗೆದ ಕೊಳವೆಯ ಮುಚ್ಚಳ ಬಿಚ್ಚಿದಾಗ, ಕಣ್ಣಿಗೆ ಕಾಣದ ತುಂತುರು ಗಾಳಿಗೆ ಸೇರ್ತಿತ್ತು. ಇವತ್ತು ಲ್ಯಾಬುಗಳಲ್ಲಿ ಕಾಣೋ ಗಾಜಿನ ಮುಚ್ಚಿದ ಪೆಟ್ಟಿಗೆ, ಕೈಗವಸು, ಗಾಳಿ ಸೋಸೋ ವ್ಯವಸ್ಥೆ, ಇದರ ಬಹುಪಾಲು ಪಾಠ ಕಲಿತದ್ದು ಅಲ್ಲೇ.

ತಮಾಷೆ ನೋಡಿ, ಜೀವ ಉಳಿಸೋ ಈ ಪಾಠವೂ ರಹಸ್ಯವೇ! 1955ರಲ್ಲಿ ಡೆಟ್ರಿಕ್‌ನಲ್ಲಿ ನಡೆದ ಜೈವಿಕ ಸುರಕ್ಷತೆಯ ಮೊದಲ ಸಮ್ಮೇಳನಕ್ಕೆ ಹೊರಗಿನ ಆಸ್ಪತ್ರೆ, ಕಾಲೇಜುಗಳವರಿಗೆ ಪ್ರವೇಶ ಇರಲಿಲ್ಲ. ಸೇನೆಯ ಮೂರು ಕೇಂದ್ರಗಳವರು ಮಾತ್ರ ಕೂತು ಮಾತಾಡಿದರು.

ಪೆಟ್ಟಿಗೆಯೊಂದರಿಂದಲೇ ಕೆಲಸ ಆಗಲ್ಲ, ತೋಳಿಗೂ ಏನಾದರೂ ಕೊಡಬೇಕು. ಅಲ್ಲಿ ಬಹಳ ಕಾಟ ಕೊಟ್ಟದ್ದು ಟುಲರೀಮಿಯಾ. ಮೊಲ, ಇಲಿಗಳಿಂದ ಬರೋ ಜ್ವರ. ಹತ್ತಿಪ್ಪತ್ತು ಬ್ಯಾಕ್ಟೀರಿಯಾ ಉಸಿರಿನ ಜೊತೆ ಒಳಗೆ ಹೋದರೂ ಸಾಕು, ಆಳು ಮಲಗಿಬಿಡ್ತಾನೆ. 1950ರ ದಶಕದಲ್ಲಿ ಸಿಬ್ಬಂದಿಗೆ ಸತ್ತ ಬ್ಯಾಕ್ಟೀರಿಯಾದಿಂದ ಮಾಡಿದ ಲಸಿಕೆ ಹಾಕ್ತಿದ್ದರು. ಅದು ಸಾಲುತ್ತಿರಲಿಲ್ಲ. ಒಳ್ಳೆಯ ಲಸಿಕೆ ಇದ್ದದ್ದು ಎಲ್ಲಿ ಗೊತ್ತಾ? ಸೋವಿಯತ್ ಒಕ್ಕೂಟದಲ್ಲಿ! ಅಲ್ಲಿ ಹಳ್ಳಿಗಳಲ್ಲಿ ಈ ರೋಗ ಹರಡ್ತಿತ್ತು, ಹಾಗಾಗಿ ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾದ ಲಸಿಕೆಯನ್ನು ಕೋಟ್ಯಂತರ ಜನರಿಗೆ ಹಾಕಿದ್ದರು. 1956ರಲ್ಲಿ ಮಾಸ್ಕೋದ ಗಮಾಲೆಯಾ ಸಂಸ್ಥೆಯಿಂದ ಆ ತಳಿ ಅಮೆರಿಕಕ್ಕೆ ಬಂತು. ಹೌದು, ಕೊರೋನಾ ಕಾಲದಲ್ಲಿ ಸ್ಪುಟ್ನಿಕ್ ಲಸಿಕೆ ಮಾಡಿತಲ್ಲ, ಅದೇ ಗಮಾಲೆಯಾ. ಯಾವ ದೇಶದ ವಿರುದ್ಧ ರೋಗಾಣು ಅಸ್ತ್ರ ಮಾಡ್ತಿದ್ದರೋ, ಅದೇ ದೇಶದ ಲಸಿಕೆ ಆ ಅಸ್ತ್ರ ಮಾಡೋರ ತೋಳಿಗೆ!

ಫಲಿತಾಂಶ ಸಣ್ಣದಲ್ಲ. ಹಳೆಯ ಲಸಿಕೆಯ ಕಾಲದಲ್ಲಿ, ಅಪಾಯದ ಕೆಲಸದಲ್ಲಿದ್ದ ಪ್ರತಿ ಸಾವಿರ ನೌಕರರಲ್ಲಿ ವರ್ಷಕ್ಕೆ 5.70 ಮಂದಿಗೆ ಟುಲರೀಮಿಯಾದ ತೀವ್ರ ರೂಪ ಬರ್ತಿತ್ತು. ಹೊಸದು ಬಂದ ಮೇಲೆ ಅದು 0.27ಕ್ಕೆ ಇಳಿಯಿತು. ಚರ್ಮದಲ್ಲಿ ಹುಣ್ಣಾಗೋ ಇನ್ನೊಂದು ರೂಪ ಅಷ್ಟಾಗಿ ಕಡಿಮೆಯಾಗಲಿಲ್ಲ, ಆದರೆ ಬಂದರೂ ಸೌಮ್ಯವಾಗಿ ಬರ್ತಿತ್ತು. ಇಂಥ ಲಸಿಕೆಗಳನ್ನು ಮೊದಲು ಮನುಷ್ಯರ ಮೇಲೆ ಪರೀಕ್ಷಿಸಬೇಕಲ್ಲ? 1954ರಿಂದ 1973ರವರೆಗೆ ಸುಮಾರು 2,300 ಸೈನಿಕರು ಸ್ವಯಂಸೇವಕರಾಗಿ ಮುಂದೆ ಬಂದರು. ಹೆಚ್ಚಿನವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು. ಬಂದೂಕು ಹಿಡಿಯಲ್ಲ, ಬೇಕಾದರೆ ದೇಹ ಕೊಡ್ತೀವಿ ಅಂದವರು. ಅವರದ್ದೇ ಬೇರೆ ಕಥೆ, ಇನ್ನೊಂದು ದಿನ ಹೇಳ್ತೀನಿ.

ಆದರೆ ಎಲ್ಲರಿಗೂ ಲಸಿಕೆ ಇರಲಿಲ್ಲ. 1951ರಲ್ಲಿ ವಿಲಿಯಂ ಬಾಯ್ಲ್ಸ್ ಅನ್ನೋ ಸೂಕ್ಷ್ಮಜೀವಿ ವಿಜ್ಞಾನಿ ಆಂಥ್ರಾಕ್ಸ್‌ನಿಂದ ಸತ್ತರು. 1958ರಲ್ಲಿ ಅದೇ ಆಂಥ್ರಾಕ್ಸ್‌ಗೆ ಸತ್ತವರು ಜೋಯಲ್ ವಿಲ್ಲರ್ಡ್. ಇವರು ವಿಜ್ಞಾನಿ ಅಲ್ಲ, ಎಲೆಕ್ಟ್ರಿಷಿಯನ್. 1964ರಲ್ಲಿ ಆಲ್ಬರ್ಟ್ ನಿಕಲ್. ಪ್ರಯೋಗದ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದವರು. ಅವರನ್ನು ಕೊಂದದ್ದು ಬೊಲಿವಿಯಾದ ಮಚುಪೋ ವೈರಸ್. ಅದನ್ನು ಪತ್ತೆ ಮಾಡಿದ್ದೇ ಹಿಂದಿನ ವರ್ಷ, 1963ರಲ್ಲಿ. ಲಸಿಕೆ ಎಲ್ಲಿಂದ ಬರಬೇಕು?

ಲೆಕ್ಕ ನೋಡಿ. ಸತ್ತ ಮೂವರಲ್ಲಿ ಇಬ್ಬರು ಸಂಶೋಧಕರೇ ಅಲ್ಲ. ವೈರು ಜೋಡಿಸೋನು, ಪಂಜರ ನೋಡಿಕೊಳ್ಳೋನು. ಸಂಶೋಧನಾ ಪತ್ರಿಕೆಯಲ್ಲಿ ಇವರ ಹೆಸರು ಬರಲ್ಲ, ಆದರೆ ಗಾಳಿ ಮಾತ್ರ ಎಲ್ಲರಿಗೂ ಒಂದೇ. ದೂರದ ಮಾತು ಅಂದ್ಕೋಬೇಡಿ. ನಮ್ಮ ಶಿವಮೊಗ್ಗದ ಮಂಗನ ಕಾಯಿಲೆಯ ವೈರಸ್ ಅಧ್ಯಯನ ಮಾಡ್ತಿದ್ದ ಪುಣೆಯ ವೈರಸ್ ಕೇಂದ್ರದಲ್ಲೂ ಸಿಬ್ಬಂದಿಗೆ ಅದೇ ಕಾಯಿಲೆ ತಗುಲಿತ್ತು.

ಡೆಟ್ರಿಕ್‌ನ ಸಾವುಗಳ ಸತ್ಯವನ್ನು ಸೇನೆ ಬಹಿರಂಗವಾಗಿ ಒಪ್ಪಿಕೊಂಡದ್ದು 1975ರಲ್ಲಿ. ಅಷ್ಟರಲ್ಲಿ ಅಧ್ಯಕ್ಷ ನಿಕ್ಸನ್ 1969ರ ನವೆಂಬರ್‌ನಲ್ಲಿ ರೋಗಾಣು ಅಸ್ತ್ರದ ಕಾರ್ಯಕ್ರಮವನ್ನೇ ನಿಲ್ಲಿಸಿ ಆಗಿತ್ತು. ಆಂಥ್ರಾಕ್ಸ್ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು ಅದರ ಮರುವರ್ಷ, 1970ರಲ್ಲಿ!

ಇನ್ನೊಂದು ಸಂಗತಿ ಹೊರಬೀಳೋಕೆ ಮತ್ತೂ ಕಾಲು ಶತಮಾನ ಬೇಕಾಯ್ತು. 2001ರಲ್ಲಿ ಅಂಚೆಯಲ್ಲಿ ಬಂದ ಆಂಥ್ರಾಕ್ಸ್ ಪುಡಿಗೆ ಅಮೆರಿಕದಲ್ಲಿ 5 ಜನ ಬಲಿಯಾದಾಗ, ಬಾಲ್ಟಿಮೋರ್ ಸನ್ ಪತ್ರಿಕೆ ಡೆಟ್ರಿಕ್‌ನ ಹಳೆಯ ಸಿಬ್ಬಂದಿಯನ್ನು ಹುಡುಕಿ ಮಾತಾಡಿಸಿತು. ಆಗ ಅವರು ಹೇಳಿದರು: ಬಾಯ್ಲ್ಸ್ ದೇಹದಿಂದ ತೆಗೆದ ಆಂಥ್ರಾಕ್ಸ್ ಮೊದಲಿಗಿಂತ ಪ್ರಬಲವಾಗಿ ಕಂಡಿತ್ತು, ಸೇನೆ ಅದನ್ನೇ ಬೆಳೆಸಿ ಅಸ್ತ್ರಕ್ಕೆ ಬಳಸಿತು. ಆ ತಳಿಗೆ ವೊಲ್ಲಮ್ 1ಬಿ ಅಂತ ಹೆಸರು. 'ಬಿ' ಅಂದ್ರೆ ಬಾಯ್ಲ್ಸ್.

ಫೋರ್ಟ್ ಡೆಟ್ರಿಕ್‌ನ ಆವರಣದಲ್ಲಿ ಈ ಮೂವರ ಹೆಸರಿನ ರಸ್ತೆಗಳಿವೆ. ಬಾಯ್ಲ್ಸ್ ಸ್ಟ್ರೀಟ್, ವಿಲ್ಲರ್ಡ್ ಪ್ಲೇಸ್, ನಿಕಲ್ ಪ್ಲೇಸ್.